ಸೂಜಿಗೆ ಮುಂಚೆ ಮಾತು

ಅಕ್ಯುಪಂಕ್ಚರ್, ಅಂದರೆ ಚೀನಾದ ಸೂಜಿ ಚಿಕಿತ್ಸೆ, ಮಾಡಿಸಿಕೊಳ್ಳುತ್ತೇನೆ ಅಂದವರನ್ನು ಎಲ್ಲರೂ ಮೊದಲು ಕೇಳುವುದು, ‘ನೋಯಲ್ವಾ?’ ಅಂತ. ಅಷ್ಟೊಂದು ತಲೆ ಕೆಡಿಸಿಕೊಳ್ಳುವ ವಿಷಯವೇ ಅಲ್ಲ ಅದು. ರಕ್ತ ತೆಗೆಯುವ ಸೂಜಿ ಒಳಗೆ ಟೊಳ್ಳು, ದಪ್ಪ ಸುಮಾರು 0.7 ಅಥವಾ 0.8 ಮಿ.ಮೀ. ಅದರ ತುದಿಯನ್ನು ಓರೆಯಾಗಿ ಕತ್ತರಿಸಿರುವುದರಿಂದ ಚರ್ಮವನ್ನು ಕೊಯ್ದುಕೊಂಡೇ ಒಳಗೆ ಹೋಗುತ್ತದೆ. ಅಕ್ಯುಪಂಕ್ಚರ್ ಸೂಜಿ ಬರೀ ಒಂದು ಸ್ಟೀಲ್ ಎಳೆ. ಸಾಮಾನ್ಯವಾಗಿ 0.2ರಿಂದ 0.3 ಮಿ.ಮೀ. ದಪ್ಪ. ಬೆರಳಲ್ಲಿ ಹಿಡಿದರೆ ಬಾಗುತ್ತದೆ. ಅದರೊಳಗೆ ಔಷಧಿಯೂ ಇಲ್ಲ, ಏನೂ ಇಲ್ಲ.

ಚುಚ್ಚುವಾಗ ಸೊಳ್ಳೆ ಕಚ್ಚಿದ ಹಾಗಿರುತ್ತದೆ, ಅಷ್ಟೇ. ಒಳಗೆ ಹೋದ ಮೇಲೆ ಆಗುವುದು ಬೇರೆ ಥರ. ಆ ಜಾಗ ಭಾರವಾದಂತೆ, ಮಂದವಾಗಿ ನೊಂದಂತೆ, ಒಮ್ಮೊಮ್ಮೆ ಜುಮ್ಮೆಂದಂತೆ ಅನ್ನಿಸುತ್ತದೆ. ಚೀನಿಯರು ಇದನ್ನು ‘ದೆ ಚಿ’ ಅನ್ನುತ್ತಾರೆ. ಸೂಜಿಯನ್ನು ಬೆರಳಲ್ಲಿ ತಿರುಗಿಸುವುದು ಈ ಅನುಭವ ಬರಲಿ ಅಂತಲೇ. ಆದರೆ ಕರೆಂಟ್ ಹೊಡೆದಂತೆ ಚುಳ್ಳೆಂದು ಕೈಗೋ ಕಾಲಿಗೋ ಹರಿದರೆ ಅದು ದೆ ಚಿ ಅಲ್ಲ. ಸೂಜಿ ನರಕ್ಕೆ ತಾಗಿರಬಹುದು. ಹಲ್ಲು ಕಚ್ಚಿ ಸಹಿಸಿಕೊಳ್ಳಬೇಡಿ, ತಕ್ಷಣ ಹೇಳಿ.

ಹೊಸಬರು ಎಡವುವುದೇ ಇಲ್ಲಿ. ಸೂಜಿಯ ಬಗ್ಗೆ ಹತ್ತು ಜನರನ್ನು ವಿಚಾರಿಸಿರುತ್ತಾರೆ, ಚುಚ್ಚುವವರ ಮುಂದೆ ಕೂತಾಗ ಮಾತ್ರ ಬಾಯಿ ಬಿಡುವುದಿಲ್ಲ. ನೀವು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದು ಅವರಿಗೆ ಗೊತ್ತಿರಲೇಬೇಕು. ವಾರ್ಫರಿನ್ ಆಗಲಿ, ದಿನಕ್ಕೊಂದು ಆಸ್ಪಿರಿನ್ ಆಗಲಿ, ಸಣ್ಣದು ಅಂತ ಬಿಡಬೇಡಿ. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಅದನ್ನೂ ಹೇಳಿ. ಕೆಲವರು ಸೂಜಿಗಳಿಗೆ ತಂತಿ ಸಿಕ್ಕಿಸಿ ಸಣ್ಣ ಪ್ರಮಾಣದ ವಿದ್ಯುತ್ ಹರಿಸುತ್ತಾರೆ, ಪೇಸ್‌ಮೇಕರ್ ಇದ್ದವರಿಗೆ ಅದು ಬೇಡ. ಗರ್ಭಿಣಿಯಾಗಿದ್ದರೆ, ಆಗಿರಬಹುದು ಅನ್ನುವ ಅನುಮಾನವಿದ್ದರೂ, ಹೇಳಿ. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಜಾಗ, ಕಾಲಿನ ಒಳಬದಿಯಲ್ಲಿ ಹರಡಿನ ಮೇಲಿನ ಜಾಗ, ಇಂಥ ಕೆಲವನ್ನು ಗರ್ಭಿಣಿಯರಲ್ಲಿ ಮುಟ್ಟಬಾರದು ಅನ್ನುವುದು ಈ ಪದ್ಧತಿಯ ಹಳೆಯ ನಿಯಮ. ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದರೆ, ಹೃದಯದ ಕವಾಟ ಬದಲಾಯಿಸಿದ್ದರೆ, ಅಗ್ಗದ ಓಲೆ ಹಾಕಿದರೆ ಕಿವಿ ಕೆರೆಯುವಷ್ಟು ನಿಕಲ್ ಅಲರ್ಜಿ ಇದ್ದರೆ, ಅದೂ ಅವರ ಕಿವಿಗೆ ಬೀಳಲಿ. ಮೊದಲ ಭೇಟಿಯಲ್ಲಿ ಇದ್ಯಾವುದನ್ನೂ ಕೇಳದೆ ನೇರವಾಗಿ ‘ಮಲಗಿ’ ಅನ್ನುವವರ ಹತ್ತಿರ ನಾನಾದರೆ ಮಲಗುವುದಿಲ್ಲ.

ನೀವೂ ಕೇಳಬೇಕಾದ್ದಿದೆ. ಸೂಜಿ ಹೊಸದೇ? ಒಮ್ಮೆ ಬಳಸಿ ಎಸೆಯುವ ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು. ಒಬ್ಬರಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಬಳಸಿದರೆ ಹೆಪಟೈಟಿಸ್ ಬಿ ದಾಟಿಕೊಳ್ಳಬಹುದು. ಎಲ್ಲಿ ಕಲಿತಿದ್ದೀರಿ, ಪರವಾನಗಿ ಇದೆಯೇ ಅಂತ ಕೇಳಲು ಸಂಕೋಚ ಬೇಡ. ಸರಿಯಾಗಿ ಕಲಿತವರು ಈ ಪ್ರಶ್ನೆಗೆ ಮುಖ ಗಂಟಿಕ್ಕುವುದಿಲ್ಲ.

ಸರಿ, ಇದರಿಂದ ಗುಣ ಕಾಣುತ್ತದೆಯೇ? ಇಲ್ಲಿ ಕತೆಗಳು ಜಾಸ್ತಿ. 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜೇಮ್ಸ್ ರೆಸ್ಟನ್ ಬೀಜಿಂಗ್‌ನಲ್ಲಿದ್ದಾಗ ಅಪೆಂಡಿಕ್ಸ್ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು. ಆಮೇಲೆ ಅವರು ಬರೆದ ಲೇಖನದಿಂದಲೇ ಅಮೆರಿಕದಲ್ಲಿ ಅಕ್ಯುಪಂಕ್ಚರ್ ಮನೆಮಾತಾಯಿತು. ಸೂಜಿ ಚುಚ್ಚಿಯೇ ನೋವಿಲ್ಲದಂತೆ ಹೊಟ್ಟೆ ಕೊಯ್ದರು ಅಂತ ಈಗಲೂ ಹೇಳುವವರಿದ್ದಾರೆ. ರೆಸ್ಟನ್ ಬರೆದದ್ದು ಹಾಗಲ್ಲ. ಆಪರೇಷನ್‌ಗೆ ಕೊಟ್ಟದ್ದು ಮಾಮೂಲಿ ಅರಿವಳಿಕೆ ಇಂಜೆಕ್ಷನ್. ಸೂಜಿ ಬಂದದ್ದು ಆಮೇಲೆ, ಹೊಟ್ಟೆ ಉಬ್ಬರಿಸಿ ಸಂಕಟವಾದಾಗ.

ಕತೆ ಬಿಟ್ಟು ಲೆಕ್ಕಕ್ಕೆ ಬರೋಣ. ಜರ್ಮನಿಯಲ್ಲಿ ಬಹುಕಾಲದ ಸೊಂಟನೋವಿನ 1,162 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಶಾಸ್ತ್ರೋಕ್ತ ಅಕ್ಯುಪಂಕ್ಚರ್. ಇನ್ನೊಂದಕ್ಕೆ ಹುಸಿ ಅಕ್ಯುಪಂಕ್ಚರ್, ಅಂದರೆ ಶಾಸ್ತ್ರ ಹೇಳುವ ಬಿಂದುಗಳನ್ನು ಬಿಟ್ಟು ಬೇರೆಲ್ಲೋ ಮೇಲುಮೇಲೆ ಚುಚ್ಚುವುದು. ಮೂರನೆಯದಕ್ಕೆ ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮ. ಆರು ತಿಂಗಳ ನಂತರ ನೋಡಿದರೆ ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಶೇ. 27.4 ಮಂದಿಗೆ ಗುಣ ಕಂಡಿತ್ತು. ಅಕ್ಯುಪಂಕ್ಚರ್ ಪಡೆದವರಲ್ಲಿ ಶೇ. 47.6. ಭಲೇ ಅನ್ನಬೇಕು ಅನ್ನುವಷ್ಟರಲ್ಲಿ ಹುಸಿ ಗುಂಪು ಎದುರಾಗುತ್ತದೆ: ಶೇ. 44.2! ಫಲಿತಾಂಶ ಪ್ರಕಟವಾದದ್ದು 2007ರಲ್ಲಿ.

ಇದು ಬರೀ ಮನಸ್ಸಿನ ಆಟ ಅಂತ ಕೆಲವರು ಇಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ನನಗೆ ಅಷ್ಟು ಸರಳ ಅನ್ನಿಸುವುದಿಲ್ಲ. ಬೇರೆಲ್ಲೋ ಚುಚ್ಚಿದರೂ ಅದು ಚುಚ್ಚುವುದೇ ಅಲ್ವಾ? ಚರ್ಮದಡಿಯ ನರಗಳಿಗೆ ಸುದ್ದಿ ಮುಟ್ಟಿಯೇ ಮುಟ್ಟುತ್ತದೆ. ಈ ತೊಡಕು ಬಿಡಿಸಲೆಂದೇ ಅದಕ್ಕೂ ಮೊದಲು, 1998ರಲ್ಲಿ, ಜರ್ಮನಿಯವರೇ ನಾಟಕದ ಚೂರಿಯಂಥ ಸೂಜಿಯೊಂದನ್ನು ಮಾಡಿದರು. ಒತ್ತಿದರೆ ಅದು ತನ್ನ ಹಿಡಿಯೊಳಗೇ ಸರಿದುಹೋಗುತ್ತದೆ, ಮೈಯೊಳಗೆ ಇಳಿಯುವುದಿಲ್ಲ. ಮಲಗಿದವರಿಗೆ ಮಾತ್ರ ಚುಚ್ಚಿದಂತೆಯೇ ಅನ್ನಿಸುತ್ತದೆ. ಆಮೇಲಿನ ವರ್ಷಗಳಲ್ಲಿ ಇಪ್ಪತ್ತು ಸಾವಿರದಷ್ಟು ರೋಗಿಗಳ ಮಾಹಿತಿಯನ್ನು ಒಟ್ಟು ಹಾಕಿ ನೋಡಿದಾಗ, ಬಹುಕಾಲದ ನೋವುಗಳಲ್ಲಿ ನಿಜವಾದ ಸೂಜಿ ಹುಸಿ ಸೂಜಿಗಿಂತ ಮುಂದಿತ್ತು. ಆದರೆ ತುಸುವೇ ಮುಂದೆ. ಮೈಯೊಳಗೆ ಏನಾಗುತ್ತದೆ ಅನ್ನುವುದಕ್ಕೂ ಕೆಲವು ಸುಳಿವುಗಳಿವೆ. 2010ರಲ್ಲಿ ಇಲಿಗಳ ಮಂಡಿಯ ಹತ್ತಿರ ಸೂಜಿ ಚುಚ್ಚಿ ತಿರುಗಿಸಿದಾಗ ಅಲ್ಲಿ ಅಡಿನೋಸಿನ್ ಎಂಬ ನೋವು ತಗ್ಗಿಸುವ ವಸ್ತು ಹೆಚ್ಚಾಯಿತು. ‘ಚಿ’, ಅಂದರೆ ಈ ಪದ್ಧತಿ ಹೇಳುವ ಜೀವಶಕ್ತಿ, ಹರಿಯುವ ಕಾಲುವೆಗಳು ಮಾತ್ರ ಯಾವ ಶವಚ್ಛೇದನದಲ್ಲೂ ಕಂಡಿಲ್ಲ. ಹಾಗಾಗಿ ನೋವು ತಗ್ಗುವುದನ್ನು ನಾನು ನಂಬುತ್ತೇನೆ, ಗೋಡೆಗೆ ತೂಗುಹಾಕಿದ ಆ ಕಾಲುವೆಗಳ ನಕ್ಷೆಯನ್ನು ಅಷ್ಟಾಗಿ ಇಲ್ಲ.

ಸೊಂಟನೋವು, ಕತ್ತುನೋವು, ಮಂಡಿನೋವು, ಪದೇಪದೇ ಬರುವ ತಲೆನೋವು, ಆಪರೇಷನ್ ಅಥವಾ ಕೀಮೋಥೆರಪಿ ನಂತರದ ವಾಕರಿಕೆ, ಇಂಥವುಗಳಿಗೆ ಪ್ರಯತ್ನಿಸಿ ನೋಡಬಹುದು. ಸಕ್ಕರೆ ಕಾಯಿಲೆ ವಾಸಿ ಮಾಡುತ್ತೇನೆ, ಗೆಡ್ಡೆ ಕರಗಿಸುತ್ತೇನೆ, ಮಾತ್ರೆ ನಿಲ್ಲಿಸಿ ಅನ್ನುವವರಿದ್ದರೆ ಎದ್ದು ಬನ್ನಿ. ನೋವು ಯಾಕೆ ಬಂದಿದೆ ಅಂತ ಡಾಕ್ಟರ ಬಳಿ ಮೊದಲೇ ತೋರಿಸಿಕೊಂಡಿರಬೇಕು. ಸೂಜಿ ನೋವು ಮರೆಸಿ, ಅದರ ಹಿಂದಿನ ಕಾಯಿಲೆ ಸದ್ದಿಲ್ಲದೆ ಬೆಳೆದರೆ ಅದಕ್ಕಿಂತ ದೊಡ್ಡ ಅನಾಹುತ ಇಲ್ಲ.

ಎಷ್ಟು ಸಲ ಹೋಗಬೇಕು ಅನ್ನುವುದನ್ನೂ ಮೊದಲೇ ಮಾತಾಡಿಕೊಳ್ಳಿ. ಜರ್ಮನಿಯ ಆ ಪ್ರಯೋಗದಲ್ಲಿ ಕೊಟ್ಟದ್ದು ವಾರಕ್ಕೆ ಎರಡರಂತೆ ಹತ್ತು ಸಲ. ಆರೇಳು ಸಲವಾದರೂ ಏನೂ ಬದಲಾಗದಿದ್ದರೆ ‘ಇನ್ನೂ ಹತ್ತು ಬೇಕು’ ಅನ್ನುವ ಮಾತಿಗೆ ತಲೆಯಾಡಿಸಬೇಡಿ.

ಹೋಗುವ ದಿನ ಹಸಿದ ಹೊಟ್ಟೆ ಬೇಡ. ಸೂಜಿ ಕಂಡರೆ ತಲೆಸುತ್ತು ಬರುವವರಿದ್ದಾರೆ, ಹಸಿವಿದ್ದರೆ ಅದು ಇನ್ನೂ ಬೇಗ. ಮೊದಲ ಸಲ ಕೂತು ಚುಚ್ಚಿಸಿಕೊಳ್ಳುವುದಕ್ಕಿಂತ ಮಲಗುವುದು ವಾಸಿ. ತೋಳನ್ನೂ ಪ್ಯಾಂಟನ್ನೂ ಸುಲಭವಾಗಿ ಮೇಲೆತ್ತಬಹುದಾದ ಸಡಿಲ ಬಟ್ಟೆ ಹಾಕಿಕೊಳ್ಳಿ.

ಅಪಾಯದ ಲೆಕ್ಕವೂ ಇದೆ. ಜರ್ಮನಿಯಲ್ಲೇ 2,29,230 ರೋಗಿಗಳನ್ನು ಗಮನಿಸಿದ ಅಧ್ಯಯನವೊಂದು 2009ರಲ್ಲಿ ಬಂತು. ಶೇ. 8.6 ಮಂದಿ ಏನಾದರೊಂದು ತೊಂದರೆ ಆಯಿತೆಂದರು. ಜಾಸ್ತಿ ಇದ್ದದ್ದು ತುಸು ರಕ್ತ ಬರುವುದು, ಚರ್ಮ ಕಂದುಗಟ್ಟುವುದು. ಇಬ್ಬರಿಗೆ ಮಾತ್ರ ಎದೆಗೂಡಿನೊಳಗೆ ಗಾಳಿ ಸೇರಿ ಶ್ವಾಸಕೋಶ ಕುಗ್ಗಿತ್ತು. ತೀರಾ ಅಪರೂಪ, ಆದರೂ ಎದೆ, ಬೆನ್ನಿನ ಮೇಲ್ಭಾಗ ಅಥವಾ ಭುಜದ ಹತ್ತಿರ ಚುಚ್ಚಿಸಿಕೊಂಡಿದ್ದರೆ ಇದು ನೆನಪಿರಲಿ. ಉಸಿರೆಳೆದಾಗ ಎದೆ ಚುಚ್ಚಿದಂತೆ ನೋವು, ಏದುಸಿರು ಕಂಡರೆ, ಅದೂ ಕೆಲವು ಗಂಟೆ ಕಳೆದ ಮೇಲೂ ಕಾಣಿಸಿಕೊಳ್ಳಬಹುದು, ಸುಮ್ನೆ ಕೂರದೆ ಆಸ್ಪತ್ರೆಗೆ ಓಡಿ.

ಇನ್ನೊಂದು ಸಣ್ಣ ವಿಷಯ. ಸೂಜಿ ಚುಚ್ಚುವಾಗ ಎಷ್ಟು ಅಂತ ಎಣಿಸಿಕೊಳ್ಳಿ, ತೆಗೆಯುವಾಗಲೂ ಎಣಿಸಿ. ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ ಮಲಗಿದವರಿಗೆ ಮರೆತುಹೋಗುವುದು ಸಹಜ. ತೆಗೆಯುವವರಿಗೂ ಒಮ್ಮೊಮ್ಮೆ ಮರೆಯುತ್ತದೆ. ಕೂದಲೊಳಗಿನ ಸೂಜಿಯಂತೂ ಬೇಗ ಕಣ್ಣಿಗೇ ಬೀಳುವುದಿಲ್ಲ.