ಗಿಡಮೂಲಿಕೆ ಅಲ್ವಾ, ಏನೂ ಆಗಲ್ಲ ಬಿಡಿ!

ಪ್ರಶ್ನೆ: ಚೀನಾದ ಗಿಡಮೂಲಿಕೆಗಳಿಂದ ಖಿನ್ನತೆ ಕಡಿಮೆಯಾಗುತ್ತದಂತೆ, ನಿಜವೇ? ಮಾತ್ರೆ ಬಿಟ್ಟು ಅದನ್ನೇ ತಗೊಳ್ಳಬಹುದಾ? ಸೈಡ್ ಎಫೆಕ್ಟ್ ಇರಲ್ಲ ಅಲ್ವಾ?

ಮೊದಲ ಎರಡಕ್ಕೆ ಬೇಗ ಉತ್ತರ ಹೇಳಿಬಿಡುತ್ತೇನೆ. ಚೀನಾದಲ್ಲಿ ಸಾಂಗ್ ರಾಜರ ಕಾಲದಿಂದಲೂ 'ಷಿಯಾವ್ ಯಾವ್ ಸಾನ್' ಎಂಬ ಪುಡಿ ಇದೆ. ಎಂಟು ಮೂಲಿಕೆಗಳು, ಚಾಯ್‌ಹು ಬೇರು, ಬಿಳಿ ಪಿಯೋನಿ ಹೂಗಿಡದ ಬೇರು, ಜ್ಯೇಷ್ಠಮಧು, ಶುಂಠಿ, ಪುದೀನ ಎಲ್ಲ ಸೇರಿ. ಪಿಯೋನಿಯ ಪಿಯೋನಿಫ್ಲೋರಿನ್, ಚಾಯ್‌ಹುವಿನ ಸೈಕೋಸಪೋನಿನ್ ಎಂಬ ಅಂಶಗಳು ಇಲಿಗಳ ಮೆದುಳಿನಲ್ಲಿ ಉರಿಯೂತ ತಗ್ಗಿಸಿ, ನರಕೋಶ ಬೆಳೆಸುವ ಬಿಡಿಎನ್‌ಎಫ್ ಎಂಬ ಪ್ರೋಟೀನ್ ಹೆಚ್ಚಿಸಿವೆ. ಮನುಷ್ಯರ ಮೇಲಿನ ಪ್ರಯೋಗಗಳು ಹೆಚ್ಚಾಗಿ ಸಣ್ಣವು, ಗುಣಮಟ್ಟವೂ ಅಷ್ಟಕ್ಕಷ್ಟೆ. ಹಾಗಾಗಿ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಈಗ ಮೂರನೆಯದು. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕವಿಲ್ಲ. ಮೆದುಳಿನವರೆಗೂ ಹೋಗಿ ಮನಸ್ಸನ್ನೇ ಬದಲಿಸುವ ಪದಾರ್ಥ, ದಾರಿಯಲ್ಲಿ ಸಿಗುವ ಲಿವರ್, ಕಿಡ್ನಿಗಳನ್ನು ಮಾತಾಡಿಸದೆ ಹೋಗುತ್ತದೆಯೇ?

ಅದೇ ಪುಡಿಯ ಜ್ಯೇಷ್ಠಮಧುವನ್ನೇ ನೋಡಿ. ನಮ್ಮ ಗ್ರಂಥಿಗೆ ಅಂಗಡಿಯಲ್ಲಿ ಸಿಗುವುದು ಅದರ ದಾಯಾದಿ ಗಿಡ. ಎರಡರಲ್ಲೂ ಗ್ಲಿಸಿರೈಝಿನ್ ಎಂಬ ಅಂಶವಿದೆ. ಕಿಡ್ನಿಯಲ್ಲಿ ಕಾರ್ಟಿಸಾಲ್ ಹಾರ್ಮೋನಿನ ಆಟ ನಿಲ್ಲಿಸುವ ಒಂದು ಕಿಣ್ವವಿದೆ. ಗ್ಲಿಸಿರೈಝಿನ್ ಅದರ ಕೈ ಕಟ್ಟಿಹಾಕುತ್ತದೆ. ಆಗ ಕಾರ್ಟಿಸಾಲ್‌ಗೆ ಅಂಕೆ ತಪ್ಪಿ ಉಪ್ಪು ಮೈಯಲ್ಲೇ ಉಳಿಯುತ್ತದೆ, ಪೊಟ್ಯಾಸಿಯಂ ಸೋರಿಹೋಗುತ್ತದೆ, ಬಿಪಿ ಏರುತ್ತದೆ. ಕೆಮ್ಮಿಗೆ ಒಂದು ಚೂರು ಅಗಿದರೆ ಯಾರಿಗೂ ಏನೂ ಆಗಲಿಕ್ಕಿಲ್ಲ. ದಿನಾ, ತಿಂಗಳುಗಟ್ಟಲೆ ಅಂದರೆ ಕತೆ ಬೇರೆ.

ಇನ್ನೂ ನಂಬಿಕೆ ಬರಲಿಲ್ಲವಾದರೆ ಬೆಲ್ಜಿಯಂಗೆ ಬನ್ನಿ. 1990ರ ದಶಕದ ಶುರುವಿನಲ್ಲಿ, ತೂಕ ಇಳಿಸಲು ಚೀನಾದ ಮೂಲಿಕೆಯ ಮಾತ್ರೆ ನುಂಗಿದ ನೂರಕ್ಕೂ ಹೆಚ್ಚು ಜನರ ಕಿಡ್ನಿ ಕೆಟ್ಟಿತು. ಬಹುತೇಕ ಎಲ್ಲರೂ ಹೆಂಗಸರು. ಒಂದು ಬೇರಿನ ಜಾಗಕ್ಕೆ ಕಿಡ್ನಿಗೆ ವಿಷವಾದ ಅರಿಸ್ಟೊಲೋಕಿಯಾ ಜಾತಿಯ ಇನ್ನೊಂದು ಬೇರು ಬಂದು ಸೇರಿತ್ತು. ಚೀನಾದಲ್ಲಿ ಎರಡಕ್ಕೂ 'ಫಾಂಗ್ ಜಿ' ಅನ್ನುತ್ತಾರೆ. ಅದೂ ಅಪ್ಪಟ ಗಿಡಮೂಲಿಕೆಯೇ, ಸ್ವಾಮಿ!

ಅಂದಹಾಗೆ, ಇಲಿಯ ಖಿನ್ನತೆ ಕಡಿಮೆಯಾಯಿತು ಅಂತ ಹೇಗೆ ಗೊತ್ತಾಗುತ್ತದೆ? ಇದನ್ನು ಯಾರೂ ಕೇಳುವುದೇ ಇಲ್ಲ. ಅದನ್ನು ನೀರು ತುಂಬಿದ ಗಾಜಿನ ಪಾತ್ರೆಗೆ 6 ನಿಮಿಷ ಬಿಡುತ್ತಾರೆ. ಕೊನೆಯ 4 ನಿಮಿಷದಲ್ಲಿ ಎಷ್ಟು ಹೊತ್ತು ಕೈಕಾಲು ಆಡಿಸದೆ ತೇಲಿತು ಅಂತ ಎಣಿಸುತ್ತಾರೆ. ಪೊರ್ಸೋಲ್ಟ್ ಎಂಬವರು 1977ರಲ್ಲಿ ತಂದ ಪರೀಕ್ಷೆ ಇದು. ಜಾಸ್ತಿ ಈಜಿದರೆ ಔಷಧಿ ಪಾಸ್. ಆದರೆ ಸುಮ್ನೆ ತೇಲುವ ಇಲಿ ಕೈಚೆಲ್ಲಿದೆಯೋ, ಶಕ್ತಿ ಉಳಿಸಿಕೊಳ್ಳುವ ಜಾಣತನ ಕಲಿತಿದೆಯೋ? ಈ ಜಗಳ ಇನ್ನೂ ನಡೆದೇ ಇದೆ. ನಮ್ಮ ಕಾಫಿಯ ಕೆಫೀನ್ ಕೊಟ್ಟರೂ ಇಲಿ ಜಾಸ್ತಿ ಈಜುತ್ತದೆ.