ನಿಯಮ ತಪ್ಪಿದ ದಿನ ಯಾವ ಕಡೆ ಓಡ್ತೀರಿ?

ಎಪ್ಪತ್ತು ದಾಟಿದ ಒಬ್ಬರು ಅಮ್ಮ. ಭಾನುವಾರ ಬೆಳಗ್ಗೆ ಚರ್ಚಿನ ಏಳರ ಪೂಜೆಯಲ್ಲಿ ಎರಡು ಸಲ ತಲೆ ತಿರುಗಿ ಬಿದ್ದಿದ್ದರು. ಎರಡನೇ ಸಲ ಬೆಂಚಿನ ತುದಿ ಹಣೆಗೆ ತಾಗಿ ಮೂರು ಹೊಲಿಗೆ ಬಿತ್ತು. ಕಾರಣ ದೊಡ್ಡದೇನಲ್ಲ. ಶುಗರ್‌ಗೆ ಬೆಳಗ್ಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದರು, ಆದರೆ ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ತಗೊಳ್ಳುವ ಮುಂಚೆ ಬಾಯಿಗೆ ಏನೂ ಹಾಕಬಾರದು ಅಂತ ಖಾಲಿ ಹೊಟ್ಟೆಯಲ್ಲೇ ಚರ್ಚಿಗೆ ಬರುತ್ತಿದ್ದರು. ಪೂಜೆ ಮುಗಿದು ಮನೆ ಸೇರುವಾಗ ಎಂಟೂವರೆ. ಅಷ್ಟು ಹೊತ್ತಿಗೆ ಮೈಯೆಲ್ಲಾ ಬೆವರು, ಕೈ ನಡುಕ.

ಸೊಸೆ ಅವರನ್ನು ನನ್ನ ಹತ್ತಿರ ಕರೆದುಕೊಂಡು ಬಂದರು. "ನೀವಾದರೂ ಹೇಳಿ, ನಮ್ಮ ಮಾತು ಕೇಳೋದಿಲ್ಲ."

ಮಂಗಳೂರಿನಲ್ಲಿ ಇಪ್ಪತ್ತು ವರ್ಷದಿಂದ ಆಪ್ತಸಮಾಲೋಚನೆ ಮಾಡುತ್ತಿದ್ದೇನೆ. ಬರುವವರಲ್ಲಿ ಜಾಸ್ತಿ ಜನ ಕ್ರೈಸ್ತರು, ಕಥೋಲಿಕರೂ ಪ್ರೊಟೆಸ್ಟಂಟರೂ ಇಬ್ಬರೂ. ಗಂಡ-ಹೆಂಡತಿ ಜಗಳ, ಆಸ್ತಿ ಪಾಲು, ಮಕ್ಕಳ ಮದುವೆ, ಹೀಗೆ ಏನೇನೋ ಹೇಳಿಕೊಂಡು ಬರುತ್ತಾರೆ. ಆದರೆ ಎರಡು ಮೂರು ಸಲ ಮಾತಾಡಿದ ಮೇಲೆ ಎಷ್ಟೋ ಜನರಲ್ಲಿ ಕೆಳಗೆ ಕೂತಿರುವುದು ಇನ್ನೊಂದೇ ಪ್ರಶ್ನೆ: ದೇವರು ನನ್ನ ಮೇಲೆ ಸಿಟ್ಟಾಗಿದ್ದಾರಾ? ಈ ಬರಹ ಅದರ ಬಗ್ಗೆ. ಇಲ್ಲಿ ಬರುವವರ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಅಮ್ಮನಿಗೆ ಮೊದಲು ಚರ್ಚಿನ ಕಾನೂನನ್ನೇ ಓದಿ ಹೇಳಿದೆ. ಈಗಿನ ನಿಯಮದ ಪ್ರಕಾರ ಪರಮಪ್ರಸಾದಕ್ಕೆ ಮುಂಚೆ ಒಂದು ಗಂಟೆ ಮಾತ್ರ ಉಪವಾಸ. ನೀರು ಮತ್ತು ಔಷಧಿಗೆ ಯಾವ ತಡೆಯೂ ಇಲ್ಲ. ವಯಸ್ಸಾದವರು, ಕಾಯಿಲೆಯವರು ಮತ್ತು ಅವರನ್ನು ನೋಡಿಕೊಳ್ಳುವವರಿಗೆ ಆ ಒಂದು ಗಂಟೆಯ ಕಟ್ಟುಪಾಡೂ ಇಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯಲ್ಲಿ ಇದು ಸ್ಪಷ್ಟವಾಗಿ ಉಂಟು. ಬೂದಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ ಕೂಡ 59 ತುಂಬಿದ ಮೇಲೆ ಕಡ್ಡಾಯವಲ್ಲ. ಅಂದರೆ ಈ ಅಮ್ಮ ಹಣೆ ಒಡೆದುಕೊಂಡು ಪಾಲಿಸುತ್ತಿದ್ದ ನಿಯಮ ಅವರಿಗೆ ಅನ್ವಯಿಸುತ್ತಲೇ ಇರಲಿಲ್ಲ.

ಇದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನಿಯಮಕ್ಕೆ ಅತಿ ಹೆಚ್ಚು ಹೆದರುವವರಿಗೆ ನಿಯಮ ಏನು ಹೇಳುತ್ತದೆ ಅಂತಲೇ ಸರಿಯಾಗಿ ಗೊತ್ತಿರುವುದಿಲ್ಲ. ಕಾನೂನು ಬರೆದವರು ಇಟ್ಟ ಕರುಣೆಯ ಬಾಗಿಲು ಅವರ ಕಣ್ಣಿಗೆ ಬೀಳುವುದೇ ಇಲ್ಲ. ಅಮ್ಮನ ವಿಷಯದಲ್ಲಿ ಅದಕ್ಕೊಂದು ಕಾರಣವೂ ಇತ್ತು. ಅವರ ತಾಯಿಯ ಕಾಲದಲ್ಲಿ ನಡುರಾತ್ರಿಯಿಂದಲೇ ಉಪವಾಸ ಇರಬೇಕಿತ್ತು, ಒಂದು ಗುಟುಕು ನೀರೂ ಕುಡಿಯುವ ಹಾಗಿರಲಿಲ್ಲ. 1953ರಲ್ಲಿ ನೀರಿಗೆ ಅನುಮತಿ ಬಂತು, 1957ರಲ್ಲಿ ಉಪವಾಸ ಮೂರು ಗಂಟೆಗೆ ಇಳಿಯಿತು, 1964ರಲ್ಲಿ ಒಂದು ಗಂಟೆಗೆ. ರೋಮಿನಲ್ಲಿ ಬದಲಾಯಿತು, ಆದರೆ ತಾಯಿ ಕಲಿಸಿದ್ದು ಮಗಳ ಮನಸ್ಸಿನಲ್ಲಿ ಹಾಗೇ ಉಳಿಯಿತು.

ಕಾನೂನು ಕೇಳಿಸಿಕೊಂಡು ಅಮ್ಮ ಸುಮ್ನೆ ಕೂತಿದ್ದರು. ಒಪ್ಪಿದ ಹಾಗೆ ಕಾಣಲಿಲ್ಲ. ಆಗ ನಾನು ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಕೇಳಿದೆ. "ಯಾವತ್ತಾದರೂ ಮರೆತು ಚಹಾ ಕುಡಿದದ್ದು ಉಂಟಾ? ಆವತ್ತು ಏನು ಮಾಡಿದ್ರಿ?"

"ಉಂಟು. ಆವತ್ತು ಪೂಜೆಗೇ ಹೋಗಲಿಲ್ಲ" ಅಂದರು.

ನೋಡಿ, ನನಗೆ ಬೇಕಾಗಿದ್ದು ಈ ಉತ್ತರ. ನಂಬಿಕೆಯಿಂದ ನಿಯಮ ಪಾಲಿಸುವವರು ಯಾರು, ಭಯದಿಂದ ಪಾಲಿಸುವವರು ಯಾರು ಅಂತ ಹೊರಗಿನಿಂದ ಹೇಳೋಕೆ ಆಗುವುದಿಲ್ಲ. ಇಬ್ಬರೂ ಅದೇ ಬೆಂಚಿನಲ್ಲಿ ಮೊಣಕಾಲೂರುತ್ತಾರೆ, ಅದೇ ಜಪಮಾಲೆ ಎಣಿಸುತ್ತಾರೆ, ಶುಕ್ರವಾರ ಇಬ್ಬರ ಮನೆಯಲ್ಲೂ ಮಾಂಸ ಬೇಯುವುದಿಲ್ಲ. ವ್ಯತ್ಯಾಸ ಗೊತ್ತಾಗುವುದು ನಿಯಮ ತಪ್ಪಿದ ದಿನ. ಆವತ್ತು ದೇವರ ಕಡೆಗೆ ಓಡುತ್ತೀರಾ, ದೇವರಿಂದ ದೂರ ಓಡುತ್ತೀರಾ? ಆದಾಮ ಹಣ್ಣು ತಿಂದ ಮೇಲೆ ಮರಗಳ ಹಿಂದೆ ಅಡಗಿದ. ಯೇಸು ಹೇಳಿದ ಕಥೆಯಲ್ಲಿ, ಅಪ್ಪನ ಆಸ್ತಿಯೆಲ್ಲಾ ಹಾಳು ಮಾಡಿದ ಕಿರಿಯ ಮಗ ಹಂದಿಗಳ ಮಧ್ಯದಿಂದ ಎದ್ದು ಮನೆ ಕಡೆ ನಡೆದ. ಇಬ್ಬರೂ ತಪ್ಪಿದವರೇ. ಮಗನಿಗೆ ಅಪ್ಪ ಎಂಥವನು ಅಂತ ಎಲ್ಲೋ ಒಂದು ಮೂಲೆಯಲ್ಲಿ ಗೊತ್ತಿತ್ತು, ಅಷ್ಟೇ.

ಅದೇ ಕಥೆಯಲ್ಲಿ ದೊಡ್ಡ ಮಗನೂ ಇದ್ದಾನೆ. ಒಂದು ಮಾತೂ ಮೀರದೆ ದುಡಿದವನು. ಆದರೆ ತಮ್ಮ ಮರಳಿ ಬಂದ ಹಬ್ಬದ ದಿನ ಮನೆಯ ಒಳಗೆ ಕಾಲಿಡದೆ ಅಂಗಳದಲ್ಲೇ ನಿಂತವನೂ ಅವನೇ. ಇಷ್ಟು ವರ್ಷ ಗುಲಾಮನ ಹಾಗೆ ದುಡಿದೆ ಅನ್ನುತ್ತಾನೆ. ಮಗನಾಗಿದ್ದವನ ಬಾಯಲ್ಲಿ ಗುಲಾಮನ ಲೆಕ್ಕ! ನನ್ನ ಕೋಣೆಗೆ ಬರುವ ಒಳ್ಳೆಯ ಕ್ರೈಸ್ತರಲ್ಲಿ ಈ ದೊಡ್ಡ ಮಗನೇ ಜಾಸ್ತಿ.

ಹಾಗಂತ ನಿಯಮ ಬಿಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ನಾನು ಬೆಳೆದ ಮನೆಯಲ್ಲಿ ಸಂಜೆ ಏಳೂವರೆಗೆ ತೇರ್ಸ್, ಅಂದರೆ ಜಪಮಾಲೆ. ಮಳೆಗಾಲದಲ್ಲಿ ಕರೆಂಟ್ ಹೋದರೂ ತಪ್ಪಿಸುವ ಹಾಗಿಲ್ಲ, ಮೊಂಬತ್ತಿ ಹಚ್ಚಿ ಕೂರಬೇಕು. ಸಿಮೆಂಟ್ ನೆಲದಲ್ಲಿ ಮೊಣಕಾಲು ನೋಯುತ್ತಿತ್ತು, ಕೊನೆಯ ಹತ್ತು ಮಣಿಗೆ ಬರುವಾಗ ತಮ್ಮ ತೂಕಡಿಸುತ್ತಿದ್ದ. ಮುಗಿದ ಕೂಡಲೇ ಮಕ್ಕಳೆಲ್ಲ ಕೈಮುಗಿದು ಹಿರಿಯರ ಹತ್ತಿರ ಒಬ್ಬೊಬ್ಬರಾಗಿ ಹೋಗಿ ಬೆಸಾಂವ್ ಕೇಳಬೇಕು, ಆಶೀರ್ವಾದ. ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ಸಲ ಅಪ್ಪನ ಜೊತೆ ದೊಡ್ಡ ಜಗಳ ಆಯಿತು, ಮೂರು ದಿನ ಮಾತಿಲ್ಲ. ಆದರೆ ಮೂರು ದಿನವೂ ಏಳೂವರೆಗೆ ತೇರ್ಸ್ ಇತ್ತಲ್ಲ, ಮುಗಿದ ಮೇಲೆ ಮುಖ ತಗ್ಗಿಸಿಕೊಂಡು ಅಪ್ಪನ ಎದುರು ಹೋಗಿ ನಿಲ್ಲಲೇಬೇಕಿತ್ತು, ಅವರೂ ಏನೂ ಮಾತಾಡದೆ ನನ್ನ ತಲೆಯ ಮೇಲೆ ಕೈ ಇಡಲೇಬೇಕಿತ್ತು. ಮೂರನೇ ದಿನ ಅವರ ಕೈ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ಇತ್ತು. ಜಗಳ ಅಲ್ಲಿಗೆ ಮುಗಿಯಿತು. ಆ ನಿಯಮ ಇಲ್ಲದಿದ್ದರೆ ನಮ್ಮಿಬ್ಬರಲ್ಲಿ ಯಾರೂ ಮೊದಲು ಬಗ್ಗುತ್ತಿರಲಿಲ್ಲ.

ಉಡುಪಿ ಹತ್ತಿರದ ಶಂಕರಪುರದ ಕಡೆ ಮಲ್ಲಿಗೆ ಕಟ್ಟುವುದನ್ನು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬೆಳಗ್ಗೆಯೇ ಮೊಗ್ಗು ಕೊಯ್ದು ತಂದು, ಬಾಳೆಯ ನಾರಿನಲ್ಲಿ ಒಂದೊಂದಾಗಿ ಕಟ್ಟುತ್ತಾರೆ. ನಾರು ಇಲ್ಲದಿದ್ದರೆ ಹೂ ಬುಟ್ಟಿಯಲ್ಲಿ ಚೆಲ್ಲಾಪಿಲ್ಲಿ, ಮಧ್ಯಾಹ್ನಕ್ಕೆ ಬಾಡಿಹೋಗುತ್ತದೆ. ಹೂವಿನ ಜೊತೆ ನಾರೂ ಸ್ವರ್ಗ ಸೇರಿತು ಅನ್ನುತ್ತೇವೆ. ಆದರೆ ಬರೀ ನಾರನ್ನು ಯಾರೂ ಮುಡಿಯುವುದಿಲ್ಲ ಅಲ್ವಾ? ನಾರು ಬಿಗಿಯಾದರೆ ಮೊಗ್ಗಿನ ತೊಟ್ಟೇ ಕಡಿದುಹೋಗುತ್ತದೆ ಅಂತ ಕಟ್ಟುವ ಹೆಂಗಸರಿಗೆ ಬೆರಳಲ್ಲೇ ಗೊತ್ತು.

ಬೈಬಲಿನಲ್ಲಿ ಇದಕ್ಕೆ ನನಗೆ ತುಂಬಾ ಹತ್ತಿರವಾಗಿ ಕಾಣುವ ಘಟನೆ ಅಂತಿಯೋಕ್ಯ ಪಟ್ಟಣದ್ದು. ಪ್ರೇಷಿತ ಪೌಲ ಗಲಾತ್ಯದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯದಲ್ಲಿ ಉಂಟು. ಯೇಸುವಿನ ಶಿಷ್ಯ ಪೇತ್ರ ಅಲ್ಲಿ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಒಟ್ಟಿಗೆ ಕೂತು ಊಟ ಮಾಡುತ್ತಿದ್ದ. ಜೆರುಸಲೇಮಿನಿಂದ ಯೆಹೂದ್ಯ ನಿಯಮ ಪಾಲಿಸುವ ಕೆಲವರು ಬಂದ ಕೂಡಲೇ ಹೆದರಿ ಬೇರೆ ಕೂರತೊಡಗಿದ. ಪೌಲ ಎಲ್ಲರ ಎದುರೇ ಅವನನ್ನು ತರಾಟೆಗೆ ತೆಗೆದುಕೊಂಡ. ಉಡುಪಿ ಮಂಗಳೂರಿನವರಿಗೆ ಇದನ್ನು ವಿವರಿಸಲು ದೇವಶಾಸ್ತ್ರದ ದೊಡ್ಡ ಶಬ್ದಗಳು ಬೇಡ, ಪಂಕ್ತಿಭೇದ ಅಂದರೆ ಸಾಕು. ಮನುಷ್ಯ ದೇವರಿಗೆ ಸರಿ ಅನಿಸುವುದು ಕ್ರಿಸ್ತನ ಮೇಲಿನ ನಂಬಿಕೆಯಿಂದಲೇ ಹೊರತು ಧರ್ಮಶಾಸ್ತ್ರದ ನಿಯಮ ಪಾಲಿಸುವುದರಿಂದಲ್ಲ ಅಂತ ಪೌಲ ಬರೆದದ್ದು ಇದೇ ಸಂದರ್ಭದಲ್ಲಿ. ಯಾರು ಯಾರ ಪಕ್ಕ ಕೂತು ಉಣ್ಣಬಹುದು ಅನ್ನುವ ಪ್ರಶ್ನೆಯಿಂದ ಆ ಮಾತು ಹುಟ್ಟಿತು.

ಇನ್ನೊಬ್ಬರ ವಿಷಯ ಹೇಳಬೇಕು. ಇಪ್ಪತ್ತಾರರ ಹುಡುಗ, ರಾತ್ರಿ ಪಾಳಿಯ ಕೆಲಸ. ವಾರಕ್ಕೆ ಮೂರು ನಾಲ್ಕು ಸಲ ಪಾಪನಿವೇದನೆ, ಅಂದರೆ ಪಾದ್ರಿಗಳ ಹತ್ತಿರ ತಪ್ಪು ಹೇಳಿಕೊಂಡು ಕ್ಷಮೆ ಬೇಡುವುದು, ಅದೂ ಬೇರೆ ಬೇರೆ ಚರ್ಚುಗಳಲ್ಲಿ, ಒಂದೇ ಕಡೆ ಹೋದರೆ ಗುರುಗಳಿಗೆ ಗುರುತು ಸಿಗುತ್ತದೆ ಅಂತ. ಹೊರಗೆ ಬಂದು ಬೈಕ್ ಸ್ಟಾರ್ಟ್ ಮಾಡುವಷ್ಟರಲ್ಲಿ ಅನುಮಾನ: ಆ ಒಂದು ವಿಷಯವನ್ನು ಸರಿಯಾಗಿ ಹೇಳಿದೆನಾ? ಮತ್ತೆ ಒಳಗೆ. ಅವನ ಮೊಬೈಲಿನಲ್ಲಿ ಪಾಪಗಳ ಪಟ್ಟಿ ಇತ್ತು, ದಿನಾಂಕದ ಸಮೇತ. ತೋರಿಸುವಾಗ ಅವನ ಹೆಬ್ಬೆರಳು ನಡುಗುತ್ತಿತ್ತು.

ಚರ್ಚಿನ ಭಾಷೆಯಲ್ಲಿ ಇದಕ್ಕೆ ಸ್ಕ್ರೂಪಲ್ ಅನ್ನುತ್ತಾರೆ. ಲ್ಯಾಟಿನ್ನಿನಲ್ಲಿ ಆ ಶಬ್ದದ ಮೂಲ ಅರ್ಥ ಚೂಪಾದ ಸಣ್ಣ ಕಲ್ಲು. ಚಪ್ಪಲಿಯೊಳಗೆ ಸೇರಿಕೊಂಡ ಹರಳು. ನಡೆದಷ್ಟೂ ಚುಚ್ಚುತ್ತದೆ. ಈ ಹರಳಿನಿಂದ ನರಳಿದವರು ಸಾಮಾನ್ಯರಲ್ಲ. 1522ರಲ್ಲಿ ಸ್ಪೇನಿನ ಮನ್ರೇಸದಲ್ಲಿ ಇಗ್ನೇಷಿಯಸ್ ಲೊಯೋಲ ಹೇಳಿದ ಪಾಪಗಳನ್ನೇ ಮತ್ತೆ ಮತ್ತೆ ನಿವೇದಿಸಿದರು, ನೆಮ್ಮದಿ ಸಿಗದೆ ಒಂದು ವಾರ ಅನ್ನ ನೀರು ಬಿಟ್ಟರು. ಕೊನೆಗೆ ಪಾಪನಿವೇದನೆ ಕೇಳುವ ಗುರುಗಳು ಉಪವಾಸ ನಿಲ್ಲಿಸು ಅಂತ ಅಪ್ಪಣೆ ಮಾಡಬೇಕಾಯಿತು. ಮಂಗಳೂರಿನಲ್ಲಿ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಶುರು ಮಾಡಿದ ಯೇಸುಸಭೆಯನ್ನು ಸ್ಥಾಪಿಸಿದವರು ಇವರೇ. ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಸನ್ಯಾಸಿಯಾಗಿದ್ದಾಗ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ ಮೇಲಿನವರನ್ನು ಸುಸ್ತು ಮಾಡುತ್ತಿದ್ದರು. ಅವರು ಆಮೇಲೆ ಶುರು ಮಾಡಿದ ಪ್ರೊಟೆಸ್ಟಂಟ್ ಸುಧಾರಣೆಯ ಪರಂಪರೆಯಲ್ಲೇ 1834ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ನಮ್ಮೂರಿನ ಎರಡು ದೊಡ್ಡ ಕ್ರೈಸ್ತ ಪರಂಪರೆಗಳ ಹಿಂದೆ ಇದೇ ಹರಳು ಚುಚ್ಚಿದ ಎರಡು ಕಾಲುಗಳು ಉಂಟು ಅಂತ ನನಗೆ ಯಾವಾಗಲೂ ಅನಿಸುತ್ತದೆ. ನಂಬಿಕೆಯೋ ಕ್ರಿಯೆಯೋ ಅಂತ ನೂರಾರು ವರ್ಷ ಜಗಳವಾಡಿದ ಮೇಲೆ, 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗಿನಲ್ಲಿ ಕಥೋಲಿಕರೂ ಲೂಥರನ್ನರೂ ಒಂದೇ ಹೇಳಿಕೆಗೆ ಸಹಿ ಹಾಕಿದರು. ದೇವರು ನಮ್ಮನ್ನು ಒಪ್ಪಿಕೊಳ್ಳುವುದು ಕೃಪೆಯಿಂದ, ನಮ್ಮ ಯೋಗ್ಯತೆಯಿಂದಲ್ಲ, ಒಳ್ಳೆಯ ಕೆಲಸ ಅದರ ಹಿಂದಿನಿಂದ ಬರುತ್ತದೆ ಅನ್ನುವುದು ಅದರ ಸಾರ.

ಆ ಹುಡುಗನಿಗೆ ನಾನು ಪ್ರವಚನ ಕೊಡಲಿಲ್ಲ. ಇಲ್ಲಿ ತುಂಬಾ ಜನ ತಪ್ಪುತ್ತಾರೆ, "ದೇವರು ಕ್ಷಮಿಸಿದ್ದಾರೆ, ಚಿಂತೆ ಬಿಡು" ಅಂತ ದಿನಕ್ಕೆ ಹತ್ತು ಸಲ ಸಮಾಧಾನ ಮಾಡುತ್ತಾರೆ. ಇಂಥವರಿಗೆ ಸಮಾಧಾನ ಅರ್ಧ ಗಂಟೆ ಉಳಿಯುತ್ತದೆ, ಆಮೇಲೆ ಇನ್ನೊಂದು ಸಲ ಬೇಕಾಗುತ್ತದೆ. ಕೈ ತೊಳೆದವರು ಮತ್ತೆ ಮತ್ತೆ ತೊಳೆಯುತ್ತಾರಲ್ಲ, ಅದೇ ಗೀಳು ಇಲ್ಲಿ ಧರ್ಮದ ಬಟ್ಟೆ ಹಾಕಿಕೊಂಡಿದೆ. ಅದಕ್ಕೆ ಮನೋವೈದ್ಯರ ಹತ್ತಿರ ಕಳಿಸಿದೆ, ಔಷಧಿ ಶುರುವಾಯಿತು. ಜೊತೆಗೆ ಮೂರು ಒಪ್ಪಂದ. ಒಬ್ಬರೇ ಗುರು. ತಿಂಗಳಿಗೆ ಒಂದೇ ಸಲ ಪಾಪನಿವೇದನೆ. ಹೇಳಿದ್ದನ್ನು ಮತ್ತೆ ಹೇಳುವ ಹಾಗಿಲ್ಲ. ಅನುಮಾನ ಬಂದಾಗ ಓಡಿಹೋಗದೆ ಅದರ ಜೊತೆ ಕೂತಿರಬೇಕು. ಮೊದಲ ತಿಂಗಳು ನರಕ ಅಂದ. ಐದನೇ ತಿಂಗಳಲ್ಲಿ ಪಟ್ಟಿಯನ್ನು ನನ್ನ ಎದುರೇ ಅಳಿಸಿದ. ಅವನಿಗೆ ಹಿಡಿದಿದ್ದು ಕಾಯಿಲೆ, ಅದನ್ನು ಭಕ್ತಿಯ ಕೊರತೆ ಅಂತ ಯಾರಾದರೂ ಹೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನಮಗೆ ನಿಯಮವೇ ಇಲ್ಲ, ಬರೀ ನಂಬಿಕೆ ಅನ್ನುವವರೂ ಬರುತ್ತಾರೆ. ಅವರಲ್ಲಿ ಕೆಲವರಿಗೆ ಬೆಳಗ್ಗೆ ಐದಕ್ಕೆ ಎದ್ದು ಬೈಬಲ್ ಓದದಿದ್ದರೆ ದಿನವಿಡೀ ಕೆಟ್ಟದ್ದಾಗುತ್ತದೆ ಅನ್ನುವ ಹೆದರಿಕೆ. ಒಬ್ಬ ಹುಡುಗಿ ಅಜ್ಜಿಯ ಉಂಗುರವನ್ನು ಬ್ಯಾಗಿನಲ್ಲಿಟ್ಟುಕೊಂಡು ತಿರುಗುತ್ತಿದ್ದಳು, ಒಡವೆ ಹಾಕಿಕೊಂಡರೆ ರಕ್ಷಣೆ, ಅಂದರೆ ದೇವರು ಕೊಡುವ ಮುಕ್ತಿ, ಹೋಗುತ್ತದಾ ಅಂತ ಕೇಳಿದಳು. ಇನ್ನು ಕೆಲವರು ನಂಬಿಕೆ ಮನಸ್ಸಿನಲ್ಲಿದ್ದರೆ ಸಾಕು ಅನ್ನುತ್ತಾರೆ. ಕೊನೆಗೆ ಯಾವಾಗ ಪ್ರಾರ್ಥನೆ ಮಾಡಿದ್ರಿ ಅಂತ ಕೇಳಿದರೆ ನೆನಪಿಲ್ಲ. ಯೇಸು ಸಬ್ಬತ್ ದಿನ ತನ್ನ ವಾಡಿಕೆಯಂತೆ ಸಭಾಮಂದಿರಕ್ಕೆ ಹೋದ ಅಂತ ಲೂಕ ಬರೆಯುತ್ತಾನೆ. ಆತನಿಗೂ ಒಂದು ವಾಡಿಕೆ ಇತ್ತು.

ತೆನೆ ಹಬ್ಬದ ಊಟ ನೆನಪಾಗುತ್ತದೆ. ಸೆಪ್ಟೆಂಬರ್ 8ರಂದು ಮಂಗಳೂರಿನ ಕಥೋಲಿಕರ ಮನೆಗಳಲ್ಲಿ ಹೊಸ ಭತ್ತದ ಕಾಳು ಹಾಲಿಗೆ ಹಾಕಿ, ಬಾಳೆ ಎಲೆಯಲ್ಲಿ ಬರೀ ತರಕಾರಿ ಊಟ. ರೋಮಿನ ಯಾವ ಕಾನೂನೂ ಇದನ್ನು ಕಡ್ಡಾಯ ಮಾಡಿಲ್ಲ. ಆದರೂ ಗಲ್ಫಿನಲ್ಲಿರುವ ಮಗನಿಗೆ ಆ ಕಾಳನ್ನು ಕವರಿನಲ್ಲಿಟ್ಟು ಅಂಚೆಯಲ್ಲಿ ಕಳಿಸುವ ತಾಯಂದಿರಿದ್ದಾರೆ. ಕವರು ತಡವಾಗಿ ತಲುಪಿದರೆ ಮಗನಿಗೆ ಪಾಪ ಬಂತು ಅಂತ ಯಾರೂ ಅಳುವುದಿಲ್ಲ. ತಡವಾಗಿಯೇ ತಿನ್ನುತ್ತಾನೆ.

ಅಮ್ಮನಿಗೆ ನಾನು ಈ ಹಬ್ಬದ ಮಾತನ್ನೇ ಹೇಳಿದ್ದೆ. ತುಂಬಾ ಹೊತ್ತು ಏನೂ ಹೇಳಲಿಲ್ಲ. ಕೊನೆಗೆ, "ತಿಂದು ಹೋದರೆ ನನ್ನ ಅಮ್ಮನಿಗೆ ಮೋಸ ಮಾಡಿದ ಹಾಗೆ ಆಗುತ್ತದೆ" ಅಂದರು. ಕಾನೂನು ಓದಿ ಹೇಳಿದ್ದು ಯಾಕೆ ನಾಟಲಿಲ್ಲ ಅಂತ ಆಗ ಗೊತ್ತಾಯಿತು. ಅವರು ಹೆದರುತ್ತಿದ್ದದ್ದು ದೇವರೊಬ್ಬರಿಗೇ ಅಲ್ಲ. ಆವತ್ತು ನಾವು ಅವರ ತಾಯಿಯ ಬಗ್ಗೆಯೇ ಒಂದು ಗಂಟೆ ಮಾತಾಡಿದೆವು. ಕತ್ತಲಲ್ಲಿ ಎಬ್ಬಿಸಿ, ಸೂಟೆ ಅಂದರೆ ಪಂಜು ಹಿಡಿದುಕೊಂಡು, ಗದ್ದೆ ಬದಿಯಲ್ಲಿ ಮೂರು ಮೈಲಿ ನಡೆಸಿ ಚರ್ಚಿಗೆ ಕರೆದೊಯ್ದ ತಾಯಿ. ಬರುವಾಗ ದಾರಿಯಲ್ಲಿ ಸೆರಗಿನ ಗಂಟಿನಿಂದ ಬೆಲ್ಲ ತೆಗೆದು ಕೊಡುತ್ತಿದ್ದರಂತೆ. "ಹಸಿವಾಗಿರುತ್ತೆ ಮಗುವಿಗೆ ಅಂತ" ಎನ್ನುವಾಗ ಅಮ್ಮ ಅತ್ತುಬಿಟ್ಟರು.

ಈಗ ಪ್ರತಿ ಭಾನುವಾರ ಆರೂವರೆಗೆ ಚರ್ಚಿನ ಹೊರಗಿನ ಕಟ್ಟೆಯಲ್ಲಿ ಕೂತು ಎರಡು ಇಡ್ಲಿ ತಿನ್ನುತ್ತಾರೆ. ಸೊಸೆ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಕಟ್ಟಿಕೊಡುತ್ತಾರೆ. ಮೊದಲ ಎರಡು ವಾರ ಕೊಡೆ ಅಡ್ಡ ಹಿಡಿದುಕೊಂಡು ತಿಂದರಂತೆ. ಕಳೆದ ತಿಂಗಳು ಸೊಸೆ ಫೋನ್ ಮಾಡಿದ್ದರು. ಈಗ ಡಬ್ಬಿ ದೊಡ್ಡದು ಬೇಕಂತೆ, ಶುಗರ್ ಇರುವ ಇನ್ನಿಬ್ಬರು ಅಜ್ಜಿಯರು ಪಕ್ಕದಲ್ಲಿ ಬಂದು ಕೂರುತ್ತಾರೆ.