ಬಜ್ಪೆಯಿಂದ ವಿಮಾನ ಹತ್ತುವ ಮದ್ದು

ದುಬೈ, ದಮ್ಮಾಮ್‌ಗೆ ಹೊರಟ ಮಂಗಳೂರಿಗರ ಸಾಮಾನಿನಲ್ಲಿ ಉಪ್ಪಿನಕಾಯಿ, ಹಪ್ಪಳದ ಜೊತೆ ಬಿಪಿ, ಶುಗರ್ ಮಾತ್ರೆಗಳ ಕಟ್ಟೂ ಇರುವುದು ಕರಾವಳಿಗೆ ಹೊಸದಲ್ಲ. ಅಲ್ಲಿ ದುಬಾರಿ ಎಂಬುದು ಎಲ್ಲರಿಗೂ ಗೊತ್ತು. ಇಲ್ಲೇಕೆ ಅಗ್ಗ ಎಂದು ಕೇಳುವವರು ಕಡಿಮೆ. ಕೂಲಿ ಕಡಿಮೆ, ಹಾಗಾಗಿ ಮದ್ದೂ ಅಗ್ಗ ಎಂಬ ಉತ್ತರ ಅರ್ಧ ಸತ್ಯ.

ಒಂದು ಕಾಲಕ್ಕೆ ಇಲ್ಲಿಯೂ ಅಗ್ಗವಿರಲಿಲ್ಲ. ಮದ್ದು ಕಂಡುಹಿಡಿದವರಿಗಷ್ಟೇ ಅದರ ಹಕ್ಕು ಕೊಡುವ, ಬ್ರಿಟಿಷರ 1911ರ ಪೇಟೆಂಟ್ ಕಾಯ್ದೆಯೇ ಸ್ವಾತಂತ್ರ್ಯಾನಂತರವೂ ನಡೆಯುತ್ತಿದ್ದಾಗ, ಅಮೆರಿಕದ ಸೆನೆಟರ್ ಕೆಫಾವರ್ ಸಮಿತಿ ಔಷಧಿ ಬೆಲೆ ಅತಿ ಹೆಚ್ಚಿರುವ ದೇಶಗಳ ಸಾಲಿಗೆ ಭಾರತವನ್ನು ಸೇರಿಸಿತ್ತು. ಹೇಳಿದ್ದು ಅಮೆರಿಕ ಎಂಬುದೇ ತಮಾಷೆ! ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿಯನ್ನು ಆಧರಿಸಿದ 1970ರ ಕಾಯ್ದೆ, 1972ರಲ್ಲಿ ಜಾರಿಗೆ ಬಂದು ಚಿತ್ರ ಬದಲಿಸಿತು. ಔಷಧಿಗಲ್ಲ, ತಯಾರಿಸುವ ವಿಧಾನಕ್ಕಷ್ಟೇ ಪೇಟೆಂಟ್ ಎಂದಿತು ಅದು. ಅದೇ ಮದ್ದನ್ನು ಬೇರೆ ವಿಧಾನದಲ್ಲಿ ಮಾಡುವ ಕಲೆಯಲ್ಲಿ ನಮ್ಮ ಕಂಪನಿಗಳು ಪಳಗಿದವು. ಪಾಶ್ಚಾತ್ಯ ದೇಶಗಳಲ್ಲಿ ವರ್ಷಕ್ಕೆ ಹತ್ತು ಸಾವಿರ ಡಾಲರ್ ದಾಟುತ್ತಿದ್ದ ಎಚ್‌ಐವಿ ಔಷಧಿಗಳನ್ನು 2001ರಲ್ಲಿ ಸಿಪ್ಲಾ 350 ಡಾಲರ್‌ಗೆ ಕೊಡಲು ಮುಂದಾದದ್ದು ಆ ಪಳಗುವಿಕೆಯ ಫಲ.

ವಿಶ್ವ ವ್ಯಾಪಾರ ಒಪ್ಪಂದಕ್ಕೆ ತಲೆಬಾಗಿ 2005ರಲ್ಲಿ ಔಷಧಿಗೇ ಪೇಟೆಂಟ್ ಮರಳಿತು. ಆದರೆ ಸಂಸತ್ತು 3(ಡಿ) ಎಂಬ ಸೆಕ್ಷನ್ ಸೇರಿಸಿತು: ಹಳೆಯ ಮದ್ದಿನ ರೂಪವನ್ನಷ್ಟೇ ಬದಲಿಸಿದರೆ ಹೊಸ ಪೇಟೆಂಟ್ ಇಲ್ಲ. ರಕ್ತದ ಕ್ಯಾನ್ಸರಿನ ಮದ್ದು ಗ್ಲಿವೆಕ್‌ಗೆ ನೊವಾರ್ಟಿಸ್ ಕಂಪನಿ ಕೇಳಿದ ಪೇಟೆಂಟನ್ನು 2013ರಲ್ಲಿ ಸುಪ್ರೀಂ ಕೋರ್ಟ್ ನಿರಾಕರಿಸಿದ್ದು ಇದರ ಮೇಲೆಯೇ. ಅದಕ್ಕೂ ಹಿಂದಿನ ವರ್ಷ, ತಿಂಗಳಿಗೆ ಸುಮಾರು 2.8 ಲಕ್ಷ ರೂಪಾಯಿಯ ಕ್ಯಾನ್ಸರ್ ಮದ್ದು ನೆಕ್ಸವಾರ್ ಅನ್ನು 8,880 ರೂಪಾಯಿಗೆ ಮಾರಲು ನ್ಯಾಟ್ಕೋ ಕಂಪನಿಗೆ ಕಡ್ಡಾಯ ಪರವಾನಗಿ, ಅಂದರೆ ಪೇಟೆಂಟ್ ಇದ್ದವರ ಒಪ್ಪಿಗೆ ಇಲ್ಲದೆಯೂ ತಯಾರಿಸುವ ಅನುಮತಿ, ಸಿಕ್ಕಿತ್ತು. ಅಮೆರಿಕ ತದ್ವಿರುದ್ಧ ದಾರಿ ಹಿಡಿಯಿತು. ಹಿರಿಯರ ವಿಮೆ ಮೆಡಿಕೇರ್ ಔಷಧಿ ಬೆಲೆಗೆ ಚೌಕಾಸಿ ಮಾಡಕೂಡದು ಎಂದು 2003ರ ಕಾನೂನೇ ಹೇಳಿತು. 2022ರಲ್ಲಷ್ಟೇ ಆ ಕಟ್ಟು ಸಡಿಲವಾಯಿತು.

ಅಗ್ಗ ಎಂದ ಮಾತ್ರಕ್ಕೆ ಹಗುರವಲ್ಲ. ಇಂಗ್ಲೆಂಡಿನ ರೋಗಿ ಚೀಟಿಯಲ್ಲಿನ ಪ್ರತಿ ಮದ್ದಿಗೆ ನಿಗದಿತ ಶುಲ್ಕ ಕೊಟ್ಟರೆ ಸಾಕು. ಮಂಗಳೂರಿನ ಹಂಪನಕಟ್ಟೆಯ ಮೆಡಿಕಲ್‌ನಲ್ಲಿ ನಿಂತವರು ಹೆಚ್ಚಾಗಿ ಪೂರ್ತಿ ಬಿಲ್ಲನ್ನು ಸ್ವಂತ ಜೇಬಿನಿಂದಲೇ ತೆರುತ್ತಾರೆ.

ಬಳಕೆಯಲ್ಲೂ ದೇಶಕ್ಕೊಂದು ನಿಯಮ. ಅಮೆರಿಕದ ಮಾರುಕಟ್ಟೆಗೆ ಬಂದೇ ಇರದ, ನೋವು-ಜ್ವರದ ಮದ್ದು ನಿಮೆಸುಲೈಡ್ ನಮ್ಮಲ್ಲಿ ಮನೆಮಾತು. 12 ವರ್ಷದೊಳಗಿನ ಮಕ್ಕಳಿಗೆ ಅದನ್ನು ನಿಷೇಧಿಸಿದ್ದು 2011ರಲ್ಲಿ. ಗಲ್ಫ್‌ಗೆ ಹೊರಟವರಿಗೆ ಇದಕ್ಕಿಂತ ಮುಖ್ಯವಾದದ್ದು ಟ್ರಮಡಾಲ್ ಎಂಬ ನೋವಿನ ಮದ್ದು, ಜೊತೆಗೆ ಕೊಡೀನ್ ಇರುವ ಕೆಮ್ಮಿನ ಸಿರಪ್. ಯುಎಇಯಲ್ಲಿ ಇವು ನಿಯಂತ್ರಿತ ಔಷಧಿಗಳು. ಅಂಗಡಿಯ ಬಿಲ್ ತೋರಿಸಿದರೆ ಸಾಲದು, ವೈದ್ಯರ ಚೀಟಿಯೊಂದಿಗೆ ಅಲ್ಲಿನ ಸರ್ಕಾರದ ಅನುಮತಿಯನ್ನು ಮೊದಲೇ ಪಡೆದಿರಬೇಕು.